ಗೆಳೆಯರ ಮಾತುಕತೆ: ಹೈದರಾಬಾದ್ ನಗರದ ಒಂದು ನಿದರ್ಶನ

ಗೆಳೆಯರು ಒಂದೆಡೆ ಕುಳಿತು, ಹೊತ್ತು ಹೋದುದೇ ತಿಳಿಯದಂತೆ ಮಾತನಾಡುವುದಕ್ಕೆ ಕನ್ನಡದಲ್ಲಿ ಹರಟೆ ಎಂದು ಹೆಸರು. ಕರಾವಳಿ, ಮಲೆನಾಡುಗಳಲ್ಲಿ ಇದನ್ನು ಪಟ್ಟಾಂಗ ಎನ್ನುವುದುಂಟು. ಕಲಬುರಗಿ, ಬೀದರ್ ಕಡೆಗಳಲ್ಲಿ ಗಪ್ಪಾ ಹೊಡೆಯುವುದು ಎಂಬ ಮಾತೂ ಕಿವಿಗೆ ಬೀಳುತ್ತದೆ. ತೆಲಂಗಾಣದ ತೆಲುಗಿನಲ್ಲಿ ಇದೇ ಮುಚ್ಚಟ. ಈ ಪದಗಳ ಬಳಕೆಯಲ್ಲಿ ತುಸು ತಾತ್ಸಾರದ ಛಾಯೆ ಇರುವುದನ್ನು ಗಮನಿಸಬಹುದು. ಹರಟೆಮಲ್ಲನೆಂದು ಕರೆಸಿಕೊಳ್ಳುವುದು ಯಾರಿಗೂ ಗೌರವದ ಮಾತಲ್ಲ. ಆದರೆ ಅದೇ ಕನ್ನಡದಲ್ಲಿ ಲಘು ಪ್ರಬಂಧವೆಂಬ ಒಂದು ಸಾಹಿತ್ಯ ಪ್ರಕಾರಕ್ಕೆ ಹರಟೆ ಎಂಬ ಹೆಸರೇ ಸಂದಿರುವುದನ್ನು ನೋಡಿದರೆ, ಜನರು ಇದನ್ನು ಒಳಗೊಳಗೇ ಎಷ್ಟು ಮೆಚ್ಚಿದ್ದಾರೆಂಬುದು ತಿಳಿಯುತ್ತದೆ.

ಹರಟೆಯ ಪ್ರಯೋಜನವನ್ನು ಶಾಸ್ತ್ರೀಯವಾಗಿ ಗುರುತಿಸಿದವರಲ್ಲಿ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ ಪ್ರಮುಖರು. ಮಾತಿಗೆ ಸುದ್ದಿಯನ್ನು ಮುಟ್ಟಿಸುವ ಕೆಲಸವಷ್ಟೇ ಅಲ್ಲದೆ, ಮನುಷ್ಯರನ್ನು ಪರಸ್ಪರ ಬೆಸೆಯುವ ಕೆಲಸವೂ ಇದೆಯೆಂದು ಅವರು 1923ರಲ್ಲಿ ಬರೆದರು. ಕನ್ನಡಿಗರಿಗೆ ಇದಕ್ಕೆ ಉದಾಹರಣೆಯನ್ನು ಹೊರಗೆ ಹುಡುಕಬೇಕಾಗಿಲ್ಲ. ಬೀದಿಯಲ್ಲಿ ಎದುರಾದವರನ್ನು ‘ಊಟ ಆಯಿತೆ?’ ಎಂದು ಕೇಳುವವರು ಊಟದ ವಿವರವನ್ನು ನಿರೀಕ್ಷಿಸುವುದಿಲ್ಲ. ‘ನಿಮ್ಮನ್ನು ಕಂಡೆ, ಕಂಡು ಸಂತೋಷವಾಯಿತು’ ಎಂಬಷ್ಟೇ ಅದರ ಅರ್ಥ. ಮನಶ್ಶಾಸ್ತ್ರಜ್ಞ ರಾಬಿನ್ ಡನ್‌ಬಾರ್ ಅವರು ಜನರ ಸಹಜ ಸಂಭಾಷಣೆಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಕಾಲ ವ್ಯಯವಾಗುವುದು ತಮ್ಮ ಮತ್ತು ಇತರರ ಬಾಳಿನ ಸಂಗತಿಗಳಿಗಾಗಿಯೇ ಎಂದು 1997ರಲ್ಲಿ ವರದಿ ಮಾಡಿದ್ದಾರೆ.

ಇಂಥ ಮಾತುಕತೆಯನ್ನು ಜನರು ಯಾವ ಮಾರ್ಗದಲ್ಲಿ ನಡೆಸಲು ಇಷ್ಟಪಡುತ್ತಾರೆ? ಎದುರುಬದುರು ಕುಳಿತೋ, ಕಾಗದ ಬರೆದೋ, ದೂರವಾಣಿಯಲ್ಲೋ, ಮೊಬೈಲಿನಲ್ಲಿ ಅಕ್ಷರಗಳನ್ನು ಒತ್ತಿಯೋ? ಮೇಲುನೋಟಕ್ಕೆ ಇದು ಅವರವರ ಅಭಿರುಚಿಯ ಪ್ರಶ್ನೆಯೆಂದು ತೋರುತ್ತದೆ. ತುಸು ಒಳಹೊಕ್ಕು ನೋಡಿದರೆ ಅಭಿರುಚಿಯ ಪಾಲು ಇದರಲ್ಲಿ ಅಲ್ಪವೆಂದೇ ಹೇಳಬೇಕಾಗುತ್ತದೆ. ಕೈಗೆಟಕುವ ಸಾಧನ, ತೆರಬೇಕಾದ ಹಣ, ಕಲಿತ ಲಿಪಿ, ಮನೆಯೊಳಗಿನ ಸ್ಥಾನಮಾನ, ಇವುಗಳೊಡನೆ ಸಂಕೋಚವೆಂಬ ಒಂದು ಸೂಕ್ಷ್ಮ ಭಾವ ಸೇರಿ ಆಯ್ಕೆಯನ್ನು ನಿರ್ಧರಿಸುತ್ತವೆ. ಹರಟೆಗೆ ಹೆಸರಾದ, ಹಲವು ಭಾಷೆಗಳು ಕೂಡಿ ಬಾಳಿದ, ಕನ್ನಡ ಜಿಲ್ಲೆಗಳಿಗೂ ಒಮ್ಮೆ ರಾಜಧಾನಿಯಾಗಿದ್ದ ಹೈದರಾಬಾದ್ ಈ ವಿಷಯದ ಅಧ್ಯಯನಕ್ಕೆ ತಕ್ಕ ನಗರವಾಗಿದೆ.

ನಾಲ್ಕು ಕುರ್ಚಿಗಳ ಮೇಜು

ಹೈದರಾಬಾದಿನಲ್ಲಿ ಹರಟೆಯ ಮನೆಯೆಂದರೆ ಇರಾನಿ ಹೋಟೆಲು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇರಾನ್ ದೇಶದಿಂದ ಹೊರಟ ಕುಟುಂಬಗಳು ಮುಂಬಯಿ, ಪುಣೆಗಳ ಮಾರ್ಗವಾಗಿ ಇಲ್ಲಿಗೆ ಬಂದು ಚಹದ ಅಂಗಡಿಗಳನ್ನು ತೆರೆದವು. ಇವುಗಳಲ್ಲಿ ಅನೇಕವು ರಸ್ತೆಗಳು ಕೂಡುವ ಮೂಲೆಗಳಲ್ಲಿವೆ. ಮೂಲೆಯ ನಿವೇಶನ ಶುಭವಲ್ಲವೆಂದು ಸ್ಥಳೀಯ ವರ್ತಕರು ಬಿಟ್ಟುದನ್ನು ಇರಾನಿಗಳು ಹಿಡಿದರೆಂದು ಹೇಳುವುದುಂಟು. ಅಬಿಡ್ಸ್‌ನ ಗ್ರ್ಯಾಂಡ್ ಹೋಟೆಲ್ 1935ರಷ್ಟು ಹಿಂದಿನದು. ಚಾರ್‌ಮಿನಾರಿನ ಮಗ್ಗುಲಲ್ಲಿರುವ ನಿಮ್ರಾ 1993ರಲ್ಲಿ ಆರಂಭವಾಯಿತು. ಅಬಿಡ್ಸ್‌ನಲ್ಲಿಯೇ ಇದ್ದ ಓರಿಯಂಟ್ ಹೋಟೆಲ್ ಕವಿ ಮಖ್ದೂಮ್ ಮೊಹಿಯುದ್ದೀನ್ ಮತ್ತು ಅವರ ಸಂಗಡಿಗರಾದ ಲೇಖಕರು, ಕಲಾವಿದರು, ರಾಜಕೀಯ ಕಾರ್ಯಕರ್ತರು ಕೂಡುತ್ತಿದ್ದ ಸ್ಥಳವೆಂದು ಪ್ರಸಿದ್ಧಿ ಪಡೆದಿತ್ತು. ಅದು ಈಗ ಇಲ್ಲ.

ಇರಾನಿ ಚಹ ಮಾಡುವ ಕ್ರಮವೇ ಅವಸರದ್ದಲ್ಲ. ಚಹದ ಕಷಾಯವನ್ನು ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಇಡುತ್ತಾರೆ. ಹಾಲನ್ನು ಬೇರೊಂದು ಪಾತ್ರೆಯಲ್ಲಿ ಕುದಿಸಿ ಕುದಿಸಿ ಗಟ್ಟಿಮಾಡುತ್ತಾರೆ. ಇವೆರಡೂ ಕೂಡುವುದು ಕಪ್ಪಿನಲ್ಲಿ. ಜೊತೆಗೆ ಸಿಹಿಯೂ ಉಪ್ಪೂ ಬೆರೆತ ಉಸ್ಮಾನಿಯಾ ಬಿಸ್ಕತ್ತು. ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನ್ ಅವರ ಹೆಸರು ಇದಕ್ಕೆ ಅಂಟಿಕೊಂಡಿದೆ. ಅಮೃತಶಿಲೆಯ ಮೇಲ್ಮೈಯುಳ್ಳ ಮೇಜು, ಸುತ್ತಲೂ ನಾಲ್ಕು ಮರದ ಕುರ್ಚಿ, ಇದು ಹಳೆಯ ಹೋಟೆಲುಗಳ ಸಾಮಾನ್ಯ ವಿನ್ಯಾಸ. ಒಂದು ಕಪ್ಪು ಚಹ ತರಿಸಿದವರು ಗಂಟೆಗಟ್ಟಲೆ ಕುಳಿತರೂ ಎಬ್ಬಿಸುವ ಪದ್ಧತಿ ಅಲ್ಲಿ ಇರಲಿಲ್ಲ. ಬೆಂಗಳೂರಿನಲ್ಲಿ ಇಬ್ಬರು ಗೆಳೆಯರು ಬೈಟೂ ಕಾಫಿಯ ನೆಪದಲ್ಲಿ ನಿಂತುಕೊಂಡೇ ಮುಗಿಸುವ ಮಾತು ಇಲ್ಲಿ ಕುಳಿತು ಬೆಳೆಯುತ್ತಿತ್ತು.

ಮೇಜಿಗೆ ನಾಲ್ಕೇ ಕುರ್ಚಿ ಎಂಬುದು ಬಡಗಿಯ ಅನುಕೂಲವಿರಬಹುದು. ಸಂಭಾಷಣೆಯ ಸ್ವಭಾವಕ್ಕೂ ಅದು ಹೊಂದುತ್ತದೆ. ಸಹಜವಾಗಿ ಹರಟುವ ಒಂದು ಗುಂಪಿನ ಮೇಲ್ಮಿತಿ ಸುಮಾರು ನಾಲ್ವರೆಂದು ಡನ್‌ಬಾರ್ ಮತ್ತು ಅವರ ಸಹೋದ್ಯೋಗಿಗಳು 1995ರ ಅಧ್ಯಯನವೊಂದರಲ್ಲಿ ತೋರಿಸಿದ್ದಾರೆ. ಐದನೆಯವರು ಬಂದು ಸೇರಿದರೆ ಮಾತು ಬಹುಬೇಗ ಎರಡು ಕವಲಾಗಿ ಒಡೆಯುತ್ತದೆ. ಮದುವೆಯ ಮನೆಯ ಚಪ್ಪರದಲ್ಲಿ ಕುಳಿತವರನ್ನು ಗಮನಿಸಿದ ಯಾರೇ ಆದರೂ ಇದನ್ನು ಒಪ್ಪುವರು.

ಎದುರುಬದುರು ಮಾತಿನ ಇನ್ನೊಂದು ಲಕ್ಷಣ ಅದರ ವೇಗ. ನೆದರ್‌ಲ್ಯಾಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯ ಸಂಶೋಧಕರು ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಆರಂಭವಾಗುವ ನಡುವಣ ಅಂತರ ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗ ಮಾತ್ರ. ಆ ಹತ್ತರಲ್ಲಿ ಭಾರತೀಯ ಭಾಷೆ ಯಾವುದೂ ಇರಲಿಲ್ಲವೆಂಬುದು ಬೇರೆ ಮಾತು. ಇಷ್ಟು ಶೀಘ್ರವಾಗಿ ಉತ್ತರ ಬರಬೇಕಾದರೆ, ಎದುರಿನವರ ಮಾತು ಮುಗಿಯುವ ಮೊದಲೇ ಅದರ ಗತಿಯನ್ನು ಊಹಿಸಿ ಕೇಳುಗರು ಸಿದ್ಧರಾಗಿರಬೇಕು. ಸ್ವರದ ಏರಿಳಿತ, ಹುಬ್ಬಿನ ಚಲನೆ, ಉಸಿರು ಎಳೆದುಕೊಳ್ಳುವ ಸದ್ದು, ಇವೆಲ್ಲ ಆ ಊಹೆಗೆ ನೆರವಾಗುತ್ತವೆ. ಬರೆದ ಸಂದೇಶದಲ್ಲಿ ಇವು ಯಾವುವೂ ಇರುವುದಿಲ್ಲ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಇರಾನಿ ಹೋಟೆಲಿನ ಹರಟೆಯನ್ನು ನೆನೆದು ಮರುಗುವವರು ಬಹುತೇಕ ಗಂಡಸರು. ಆ ಮೇಜುಗಳ ಸುತ್ತ ಹೆಂಗಸರು ಬಹುಕಾಲ ಕಾಣುತ್ತಿರಲಿಲ್ಲ. ಕೆಲವೆಡೆ ಅವರಿಗಾಗಿ ಪರದೆಯ ಹಿಂದೆ ‘ಫ್ಯಾಮಿಲಿ ರೂಮ್’ ಇತ್ತು. ಅವರ ಹರಟೆ ನಡೆಯುತ್ತಿದ್ದುದು ನೀರಿನ ನಲ್ಲಿಯ ಬಳಿ, ಮನೆಯ ಜಗಲಿಯಲ್ಲಿ, ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಗಳ ಕಾವಲಿನಲ್ಲಿ. ಕೈಗೊಂದು ಕೆಲಸವಿದ್ದರೆ ಮಾತ್ರ ಅವರ ಮಾತಿಗೆ ಅನುಮತಿ ಇತ್ತೆಂದರೂ ತಪ್ಪಾಗದು.

ರಾಜಧಾನಿ ದೂರವಾದಾಗ

1956ರವರೆಗೆ ಗುಲ್ಬರ್ಗಾ, ರಾಯಚೂರು, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಈ ಜಿಲ್ಲೆಗಳ ಜನರಿಗೆ ಉನ್ನತ ವಿದ್ಯಾಭ್ಯಾಸ, ಉದ್ಯೋಗ, ವ್ಯಾಜ್ಯ, ವೈದ್ಯ ಎಲ್ಲಕ್ಕೂ ಹೈದರಾಬಾದೇ ಗತಿಯಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಮಾಧ್ಯಮ ಉರ್ದು. ಅಲ್ಲಿ ಡಿ. ಕೆ. ಭೀಮಸೇನರಾಯರು ಕನ್ನಡವನ್ನು ಬೋಧಿಸಿದರು; ಮುಂದೆ ಕವಿಯೆಂದು ಹೆಸರಾದ ಸಿದ್ಧಯ್ಯ ಪುರಾಣಿಕರು ಅಲ್ಲಿಯೇ ಓದಿದರು. ಕನ್ನಡದ ಹುಡುಗರು ತರಗತಿಯಲ್ಲಿ ಉರ್ದು, ಅಂಗಡಿಯಲ್ಲಿ ದಖ್ಖನಿ, ಕೋಣೆಯಲ್ಲಿ ಕನ್ನಡ ಎಂದು ದಿನವನ್ನು ಹಂಚಿಕೊಂಡಿದ್ದರು. ಮರಾಠಿಯಿಂದ ದಖ್ಖನಿಗೆ ಬಂದ ‘ನಕ್ಕೋ’ ಎಂಬ ನಿರಾಕರಣೆ ಅವರ ಕನ್ನಡದೊಳಗೂ ಸಲೀಸಾಗಿ ಓಡಾಡುತ್ತಿದ್ದಿರಬೇಕು. ಕಾಚಿಗುಡ ಭಾಗದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ನಗರದ ಕನ್ನಡಿಗರು ಕಟ್ಟಿಕೊಂಡ ಸಂಸ್ಥೆಗಳು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹೈದರಾಬಾದ್ ಆಂಧ್ರ ಪ್ರದೇಶದ ರಾಜಧಾನಿಯಾಯಿತು. ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ ರಾಯಚೂರಿನಿಂದ ಗದ್ವಾಲ್, ಆಲಂಪುರ ತಾಲ್ಲೂಕುಗಳೂ ಆಂಧ್ರ ಪ್ರದೇಶದ ಪಾಲಿಗೆ ಹೋದವು. ಇವೆಲ್ಲ 2014ರಿಂದ ತೆಲಂಗಾಣದಲ್ಲಿವೆ. ಕನ್ನಡಿಗರ ಬಹುಕಾಲದ ಆಸೆ ಅಂದು ಕೈಗೂಡಿತೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಒಂದೇ ಕೋಣೆಯಲ್ಲಿ ಓದಿದ ಗೆಳೆಯರಲ್ಲಿ ಒಬ್ಬರು ಬೆಂಗಳೂರಿನ ಕಚೇರಿಗೆ ವರ್ಗವಾಗಿ, ಇನ್ನೊಬ್ಬರು ಹೈದರಾಬಾದಿನಲ್ಲಿಯೇ ಉಳಿದ ಸಂದರ್ಭಗಳು ಆಗ ಅನೇಕ. ಕಲಬುರಗಿಯಿಂದ ಹೈದರಾಬಾದಿಗೆ ಸುಮಾರು 220 ಕಿಲೋಮೀಟರ್, ಬೀದರಿನಿಂದ ಅದಕ್ಕಿಂತಲೂ ಕಡಿಮೆ. ಅಂತರ ಹೆಚ್ಚಲಿಲ್ಲ, ಹೋಗಿಬರುವ ಕಾರಣಗಳು ಕಡಿಮೆಯಾದವು. ಮೇಜಿನ ಸುತ್ತಲಿನ ಮಾತು ಕಾಗದಕ್ಕೆ ಇಳಿಯಬೇಕಾಯಿತು.

ಕಾಗದದ ವ್ಯವಸ್ಥೆ ಈ ನಾಡಿಗೆ ಹೊಸದೇನಲ್ಲ. ನಿಜಾಮ ಸಂಸ್ಥಾನಕ್ಕೆ ತನ್ನದೇ ಆದ ಅಂಚೆ ಇತ್ತು. ಅದರ ಅಂಚೆ ಚೀಟಿಗಳು 1869ರಿಂದ ಚಲಾವಣೆಗೆ ಬಂದವು. 1950ರಲ್ಲಿ ಆ ಅಂಚೆಯು ಭಾರತೀಯ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ಬ್ರಿಟಿಷ್ ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆ ಬೆಲೆಗೆ ಆರಂಭವಾದ ಅಂಚೆ ಕಾರ್ಡು ಬಡವರ ಪತ್ರವೆಂದು ಮನೆಮಾತಾಗಿತ್ತು. ಕನ್ನಡದ ಪತ್ರಗಳಿಗೆ ನಿಶ್ಚಿತವಾದ ಒಂದು ಚೌಕಟ್ಟು ಇತ್ತು. ‘ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎಂದು ತೊಡಗಿ, ಹಿರಿಯರಿಗೆ ಸಾಷ್ಟಾಂಗ, ಕಿರಿಯರಿಗೆ ಆಶೀರ್ವಾದ ಹೇಳಿ ಮುಗಿಸಿದರೆ ಕಾರ್ಡಿನ ಅರ್ಧ ಭಾಗ ತುಂಬಿಹೋಗುತ್ತಿತ್ತು. ಶುಭವಾರ್ತೆಯಿದ್ದರೆ ಮೂಲೆಗೆ ಅರಿಶಿನ. ಆ ಬಣ್ಣವನ್ನು ಕಂಡೊಡನೆ ಓದುಬಾರದವರಿಗೂ ಅರ್ಧ ವಿಷಯ ತಿಳಿಯುತ್ತಿತ್ತು.

ಪತ್ರದ ಕಾಲವೇ ಸ್ನೇಹಕ್ಕೆ ಒಳ್ಳೆಯ ಕಾಲವಾಗಿತ್ತೆಂದು ಈಚೆಗೆ ಹೇಳುವವರಿದ್ದಾರೆ. ಅದನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. 1951ರ ಜನಗಣತಿಯಂತೆ ದೇಶದ ಸಾಕ್ಷರತೆ ನೂರಕ್ಕೆ 18ಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದವರು ಅಂಚೆ ಕಚೇರಿಯ ಮುಂದೆ ಕುಳಿತ ಬರೆಯುವವರಿಗೆ ಹಣ ಕೊಟ್ಟು ಬರೆಸಬೇಕಿತ್ತು. ಬಂದುದನ್ನು ಅಂಚೆಯವರಿಂದಲೋ ನೆರೆಮನೆಯ ಶಾಲಾಬಾಲಕನಿಂದಲೋ ಓದಿಸಬೇಕಿತ್ತು. ಮೂರನೆಯವರ ಬಾಯಿಂದ ಬರುವ ಮಾತಿನಲ್ಲಿ ಗುಟ್ಟಿಗೆ ಸ್ಥಳವಿಲ್ಲ. ತವರಿನ ಗೆಳತಿಗೆ ತನ್ನ ಕಷ್ಟವನ್ನು ತಿಳಿಸಬೇಕೆಂದಿರುವ ಸೊಸೆ, ಅದನ್ನು ಮಾವನ ಮುಂದೆ ಬರೆಸುವುದೆಂತು? ಪತ್ರದಲ್ಲಿ ಕ್ಷೇಮವೆಂದೇ ಹೋಗುತ್ತಿತ್ತು.

ಮೂರು ನಿಮಿಷದ ಮಾತು

ದೂರವಾಣಿಯಿಂದ ಧ್ವನಿ ಊರು ದಾಟಿತಾದರೂ ಬಹುಕಾಲ ಅದು ಹರಟೆಗೆ ಒದಗಲಿಲ್ಲ. ಟ್ರಂಕ್ ಕಾಲ್ ಮಾಡಬೇಕೆಂದರೆ ವಿನಿಮಯ ಕೇಂದ್ರಕ್ಕೆ ಮೊದಲೇ ತಿಳಿಸಿ, ಸಂಪರ್ಕ ದೊರೆಯುವವರೆಗೆ ಕಾದಿರಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರದ ದರ್ಜೆಗಳು. ಮೂರು ನಿಮಿಷಕ್ಕೊಮ್ಮೆ ಆಪರೇಟರರು ನಡುವೆ ಬಂದು, ಮುಂದುವರಿಸುವಿರಾ ಎಂದು ಕೇಳುವರು. ಅವರು ಕೇಳಿಸಿಕೊಳ್ಳುತ್ತಿರಬಹುದೆಂಬ ಅಳುಕು ಬೇರೆ. ಇಂಥ ಮಾತು ಏರುದನಿಯಲ್ಲಿ ಆರಂಭವಾಗಿ ‘ಎಲ್ಲರೂ ಆರಾಮ?’ ಎಂಬಲ್ಲಿಗೆ ಮುಗಿಯುತ್ತಿತ್ತು. ತಂತಿಯ ವಿಷಯವಂತೂ ಹೇಳುವಂತೆಯೇ ಇಲ್ಲ. ತಂತಿ ಬಂತೆಂದರೆ ಬಿಚ್ಚುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ಆ ಸೇವೆಯನ್ನು 2013ರ ಜುಲೈ 15ರಿಂದ ನಿಲ್ಲಿಸಲಾಯಿತು.

ಆಪರೇಟರರ ನೆರವಿಲ್ಲದೆ ನೇರವಾಗಿ ಊರಿಂದೂರಿಗೆ ಕರೆ ಮಾಡುವ ಎಸ್.ಟಿ.ಡಿ. ವ್ಯವಸ್ಥೆ ದೇಶದಲ್ಲಿ ಮೊದಲು ಜಾರಿಗೆ ಬಂದುದು 1960ರಲ್ಲಿ, ಕಾನ್ಪುರ ಮತ್ತು ಲಖ್ನೋ ನಡುವೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಹಳದಿ ಫಲಕದ ಬೂತುಗಳು ಬೀದಿಬೀದಿಗೂ ಬಂದವು. ರಾತ್ರಿ ಹೊತ್ತು ದರ ಇಳಿಯುತ್ತಿದ್ದುದರಿಂದ ಹೈದರಾಬಾದಿನಲ್ಲಿ ಓದುವ ಹುಡುಗರು, ದುಡಿಯುವ ಕನ್ನಡಿಗರು ಊಟ ಮುಗಿಸಿ ಬೂತಿನ ಮುಂದೆ ಸಾಲುಗಟ್ಟುತ್ತಿದ್ದರು. ಗಾಜಿನ ಗೂಡಿನೊಳಗೆ ಮಾತನಾಡುವವರ ಕಣ್ಣು ಎದುರಿನ ಮೀಟರಿನ ಕೆಂಪು ಅಂಕಿಗಳ ಮೇಲಿರುತ್ತಿತ್ತು. ಅತ್ತ ಕಡೆ ಫೋನು ಇರುವುದು ನೆರೆಮನೆಯಲ್ಲಿ. ಕರೆತರುವಷ್ಟರಲ್ಲಿಯೇ ಹತ್ತು ರೂಪಾಯಿ ಆಗಿಬಿಟ್ಟರೆ ಎಂಬ ಚಿಂತೆ.

ದೇಶದ ಮೊದಲ ಮೊಬೈಲ್ ಕರೆಯನ್ನು 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದರು. ಮೊದಮೊದಲು ಬಂದ ಕರೆಗೂ ಹಣ ತೆರಬೇಕಾಗಿತ್ತು. 2003ರ ಮೇ ತಿಂಗಳಿನಿಂದ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಬಂದ ಮೇಲೆ ಫೋನು ಸಾಮಾನ್ಯರ ಕೈಸೇರಿತು. ಆಗಲೇ ‘ಮಿಸ್ಡ್ ಕಾಲ್’ ಎಂಬ ಬಿಟ್ಟಿ ಸಂಕೇತ ಹುಟ್ಟಿಕೊಂಡಿತು. ಒಂದು ಸಲ ಗಂಟೆ ಹೊಡೆದು ನಿಂತರೆ ತಲಪಿದೆ ಎಂದು, ಎರಡು ಸಲವಾದರೆ ನೀನೇ ಕರೆ ಮಾಡು ಎಂದು ಗೆಳೆಯರು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡರು. ಇದನ್ನು ಯಾವ ಇಲಾಖೆಯೂ ಕಲಿಸಲಿಲ್ಲ.

ಬರೆಯುವುದೋ, ಕರೆಯುವುದೋ

ಈಗ ಕರೆಯ ವೆಚ್ಚ ಬಹುಪಾಲು ಜನರಿಗೆ ಒಂದು ಲೆಕ್ಕವೇ ಅಲ್ಲ. ಹಾಗಿದ್ದಮೇಲೆ ಗೆಳೆಯರು ಕರೆ ಮಾಡಿ ಮನದಣಿಯೆ ಮಾತನಾಡಬೇಕಷ್ಟೆ. ಆದರೆ ಆಗಿರುವುದು ಬೇರೆ. ಅನೇಕರು, ವಿಶೇಷವಾಗಿ ಕಿರಿಯರು, ಕರೆಗಿಂತ ಬರೆದ ಸಂದೇಶವನ್ನೇ ಮೆಚ್ಚುತ್ತಾರೆ. ‘ಈಗ ಮಾತನಾಡಬಹುದೆ?’ ಎಂದು ಮೊದಲು ಬರೆದು ಕೇಳದೆ ಕರೆ ಮಾಡುವುದು ಕೆಲವರ ದೃಷ್ಟಿಯಲ್ಲಿ ಅವಿನಯ.

ಇದಕ್ಕೆ ತಕ್ಕ ಕಾರಣಗಳಿವೆ. ಬರೆದ ಸಂದೇಶವು ಓದುವವರ ಬಿಡುವಿಗಾಗಿ ಕಾಯುತ್ತದೆ. ಸಭೆಯಲ್ಲಿರುವವರು, ಬಸ್ಸಿನಲ್ಲಿ ನಿಂತಿರುವವರು, ಮಗುವನ್ನು ಮಲಗಿಸುತ್ತಿರುವವರು ಅದನ್ನು ನೋಡಬಹುದು. ವಿಳಾಸ, ದಿನಾಂಕ, ರೈಲಿನ ವೇಳೆ ಮುಂತಾದವು ಬರವಣಿಗೆಯಲ್ಲಿದ್ದರೇ ಲೇಸು. ಮಾತು ಬಾರದ ಸ್ವಭಾವದವರಿಗೆ ಯೋಚಿಸಿ ತಿದ್ದಿ ಬರೆಯುವ ಅವಕಾಶವೂ ದೊರೆಯುತ್ತದೆ. ಇವನ್ನೆಲ್ಲ ಸೋಮಾರಿತನವೆಂದು ಹಿರಿಯರು ಗೊಣಗುವುದು ಸರಿಯಲ್ಲ.

ತೊಡಕು ಇರುವುದು ಇನ್ನೊಂದೆಡೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಅಮೆರಿಕದಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಕಾಲ ಸಂಪರ್ಕ ತಪ್ಪಿದ ಹಳೆಯ ಸ್ನೇಹಿತರನ್ನು ಮತ್ತೆ ಮಾತನಾಡಿಸುವಂತೆ ಜನರನ್ನು ಕೇಳಲಾಯಿತು. ಕರೆ ಮಾಡಿದರೆ ಆಪ್ತತೆ ಹೆಚ್ಚುವುದೆಂದು ಅವರೇ ಒಪ್ಪಿದರು. ಆದರೂ ಮುಜುಗರವಾದೀತೆಂದು ಹೆದರಿ ಇ-ಮೇಲ್ ಬರೆಯಲು ಒಲವು ತೋರಿದರು. ಬಳಿಕ ಚೀಟಿ ಎತ್ತಿದಂತೆ ಕೆಲವರಿಗೆ ಕರೆಯನ್ನೂ ಕೆಲವರಿಗೆ ಇ-ಮೇಲನ್ನೂ ವಿಧಿಸಲಾಯಿತು. ಕರೆ ಮಾಡಿದವರು ಹೆಚ್ಚು ಆಪ್ತತೆಯನ್ನು ಅನುಭವಿಸಿದರು. ಹೆದರಿದ್ದ ಮುಜುಗರ ಇ-ಮೇಲ್ ಬರೆದವರಿಗಿಂತ ಹೆಚ್ಚೇನೂ ಆಗಲಿಲ್ಲ. ಅಂದರೆ ಜನರು ಆರಿಸುವ ಮಾರ್ಗ, ಗೆಳೆತನಕ್ಕೆ ಹಿತವಾದುದಕ್ಕಿಂತ ತಮ್ಮ ಸಂಕೋಚವನ್ನು ಕಾಪಾಡುವಂಥದ್ದಾಗಿರುವ ಸಂಭವ ಹೆಚ್ಚು. ವರ್ಷಗಟ್ಟಲೆ ಹಬ್ಬದ ಶುಭಾಶಯದ ಚಿತ್ರಗಳನ್ನು ವಿನಿಮಯ ಮಾಡಿಕೊಳ್ಳುತ್ತಾ, ಒಮ್ಮೆಯೂ ಒಬ್ಬರ ದನಿಯನ್ನೊಬ್ಬರು ಕೇಳದ ಗೆಳೆಯರನ್ನು ಯಾವ ಊರಿನಲ್ಲಿಯೂ ಕಾಣಬಹುದು.

ವ್ಯಂಗ್ಯ, ಕುಚೋದ್ಯಗಳ ವಿಷಯದಲ್ಲಿ ಬರವಣಿಗೆಯ ಮಿತಿ ಇನ್ನೂ ಸ್ಪಷ್ಟ. 2005ರ ಒಂದು ಪ್ರಯೋಗದಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು, ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿಯೂ ಕೆಲವನ್ನು ನಿಜವಾಗಿಯೂ ಹೇಳುವಂತೆ ಸೂಚಿಸಿದರು. ತಮ್ಮ ಇಂಗಿತವನ್ನು ಎದುರಿನವರು ನೂರಕ್ಕೆ ಸುಮಾರು 78ರಷ್ಟು ಸಲ ಗ್ರಹಿಸುವರೆಂದು ಹೇಳಿದವರ ಎಣಿಕೆ. ದನಿಯ ಮೂಲಕ ಹೇಳಿದಾಗ 73ರಷ್ಟು ಸಲ ಅದು ಸರಿಯಾಗಿ ಮುಟ್ಟಿತು. ಬರೆದು ಕಳುಹಿಸಿದಾಗ 56ಕ್ಕೆ ಇಳಿಯಿತು. ಕಣ್ಣುಮುಚ್ಚಿ ಊಹಿಸಿದರೂ 50 ದೊರೆಯುತ್ತಿತ್ತು. ಹೈದರಾಬಾದಿನ ದಖ್ಖನಿ ಮಾತಿನ ಸೊಗಸೆಲ್ಲ ಎಳೆದಾಡುವ ರಾಗದಲ್ಲಿಯೂ ಗಂಭೀರ ಮುಖದ ಚೇಷ್ಟೆಯಲ್ಲಿಯೂ ಇದೆ. ಗೆಳೆಯನನ್ನು ಮೇಜಿನ ಬಳಿ ಬೈದರೆ ಅದು ಪ್ರೀತಿ. ಅದೇ ಬೈಗುಳವನ್ನು ಅಕ್ಷರದಲ್ಲಿ ಕಳುಹಿಸಿದರೆ ಮೂರು ದಿನದ ಮುನಿಸು. ನಗುಮುಖದ ಚಿಹ್ನೆಗಳನ್ನು ಜನರು ಇಷ್ಟು ಧಾರಾಳವಾಗಿ ಬಳಸುವುದು ಈ ಕೊರತೆಯನ್ನು ತುಂಬಲೆಂದೇ.

ದುಃಖದ ಸಮಯದಲ್ಲಿ ದನಿಗೆ ಇರುವ ಶಕ್ತಿಯ ಬಗೆಗೆ ಒಂದು ನಿದರ್ಶನ ಸಾಕು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಬಾಲಕಿಯರಿಗೆ ಒತ್ತಡವುಂಟುಮಾಡುವ ಪರೀಕ್ಷೆಯೊಂದನ್ನು ಕೊಟ್ಟು, ಅನಂತರ ಕೆಲವರನ್ನು ತಾಯಿಯೊಡನೆ ಮಾತನಾಡಲು ಬಿಟ್ಟರು. ಕೆಲವರಿಗೆ ಬರೆದ ಸಂದೇಶಗಳ ವಿನಿಮಯಕ್ಕೆ ಮಾತ್ರ ಅವಕಾಶ ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಾಯಿಯ ದನಿ ಕೇಳಿದವರ ದೇಹದಲ್ಲಿ ಒತ್ತಡದ ಹಾರ್ಮೋನು ಇಳಿದು ಸಾಂತ್ವನದ ಹಾರ್ಮೋನು ಏರಿತು. ಬರೆದ ಸಂದೇಶ ಪಡೆದವರು, ಯಾರೊಡನೆಯೂ ಸಂಪರ್ಕವಿಲ್ಲದವರಂತೆಯೇ ಉಳಿದರು. ತಾಯಿ ಬರೆದ ಮಾತುಗಳಲ್ಲಿ ಅಕ್ಕರೆ ಕಡಿಮೆ ಇದ್ದಿತೆಂದು ಇದರ ಅರ್ಥವಲ್ಲ.

ಲಿಪಿಯ ತೊಡಕು

ಹೈದರಾಬಾದಿನ ಕನ್ನಡಿಗರಿಗೆ ಈ ಆಯ್ಕೆಯಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಅಥವಾ ತೆಲುಗು ಮಾಧ್ಯಮದಲ್ಲಿ ಓದಿದವರು. ಮನೆಯಲ್ಲಿ ಕನ್ನಡವನ್ನು ನಿರರ್ಗಳವಾಗಿ ಆಡುತ್ತಾರೆ; ಓದಲು ಬರುವುದಿಲ್ಲ. ಕನ್ನಡ, ತೆಲುಗು ಲಿಪಿಗಳು ಸೋದರಿಯರಾದುದರಿಂದ ತೆಲುಗು ಬಲ್ಲವರು ಕೆಲವು ದಿನಗಳ ಅಭ್ಯಾಸದಿಂದ ಕನ್ನಡವನ್ನು ಓದಿಯಾರು, ಆದರೆ ಆ ಅಭ್ಯಾಸಕ್ಕೆ ಸಂದರ್ಭ ಒದಗುವುದು ಅಪರೂಪ. ಇಂಥವರು ಕಲಬುರಗಿಯ ಸೋದರಮಾವನ ಮಗಳೊಡನೆಯೋ ಬೀದರಿನ ಬಾಲ್ಯದ ಗೆಳೆಯನೊಡನೆಯೋ ಕರೆ ಮಾಡಿ ಮಾತನಾಡುವಾಗ ಆ ಮಾತು ಕನ್ನಡವೇ ಆಗಿರುತ್ತದೆ. ಬರೆದ ಸಂದೇಶಕ್ಕೆ ಹೊರಳಿದೊಡನೆ ಅದು ರೋಮನ್ ಅಕ್ಷರದ ಅರೆಗನ್ನಡವಾಗುತ್ತದೆ. ಹ್ರಸ್ವ ದೀರ್ಘಗಳು ಕಲಸಿಹೋಗುತ್ತವೆ. ಬರೆಯಲು ಬೇಸರವಾಗಿ ಸ್ವಲ್ಪ ಕಾಲದಲ್ಲಿ ಇಂಗ್ಲಿಷೇ ಆಗಿಬಿಡುತ್ತದೆ. ಮಾಧ್ಯಮ ಬದಲಾದರೆ ಭಾಷೆಯೂ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಇಬ್ಬರ ನಡುವಣ ಭಾಷೆ ಹೀಗೆ ಬದಲಾದಾಗ ಸಲಿಗೆಯೂ ಬದಲಾಗುತ್ತದೆ. ‘ಏನವಾ’, ‘ಏನ್ರೀ’, ‘ಬಾರಲೇ’ ಎಂಬ ಸಂಬೋಧನೆಗಳಲ್ಲಿ ವಯಸ್ಸು, ಗೌರವ, ಸದರ ಎಲ್ಲವೂ ಇವೆ. ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಅವೆಲ್ಲ ಒಂದಾಗಿ ಅಳಿಸಿಹೋಗುತ್ತವೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ಇದನ್ನು ಸೇರಿಸಲಾಯಿತು. ಶಾಲೆಗಳ ಸಂಖ್ಯೆ, ಶಿಕ್ಷಕರ ನೇಮಕ ಇವುಗಳ ದೃಷ್ಟಿಯಿಂದ ಈ ಅನುಚ್ಛೇದವನ್ನು ಚರ್ಚಿಸುವುದು ವಾಡಿಕೆ. ಗೆಳೆಯರಿಬ್ಬರು ಮನೆಮಾತಿನಲ್ಲಿ ಒಂದು ಸಾಲು ಬರೆದುಕೊಳ್ಳಲು ಶಕ್ತರಾಗುವರೇ ಇಲ್ಲವೇ ಎಂಬುದೂ ಅದರಲ್ಲಿಯೇ ಅಡಗಿದೆ.

ಧ್ವನಿಸಂದೇಶ ಈ ತೊಡಕಿಗೆ ಜನರೇ ಕಂಡುಕೊಂಡ ಒಂದು ಪರಿಹಾರ. ಗುಂಡಿ ಒತ್ತಿ ಹಿಡಿದು ಹೇಳಬೇಕಾದುದನ್ನು ಹೇಳಿ ಬಿಟ್ಟರೆ ಆಯಿತು. ಕೇಳುವವರು ತಮ್ಮ ಬಿಡುವಿನಲ್ಲಿ ಕೇಳುತ್ತಾರೆ. ಲಿಪಿಯ ಹಂಗಿಲ್ಲ, ದನಿಯ ಬನಿ ಉಳಿಯುತ್ತದೆ, ಪತ್ರದಂತೆ ಕಾಯುತ್ತದೆ. ತಕ್ಷಣದ ಮಾರುತ್ತರವಿಲ್ಲದ ಕಾರಣ ಇದನ್ನು ಹರಟೆಯೆನ್ನಲು ಬಾರದು, ನಿಜ. ಆದರೂ ಅಕ್ಷರ ಬಾರದ ಅಜ್ಜಿ ಮೊಮ್ಮಗನಿಗೆ ಮೂರನೆಯವರ ನೆರವಿಲ್ಲದೆ ಪತ್ರ ಕಳುಹಿಸಿದಂತಾಯಿತು.

ಆಯ್ಕೆಯೇ ಇಲ್ಲದವರು

ಮೇಲೆ ಹೇಳಿದ ಒಲವುಗಳೆಲ್ಲ ಆಯ್ಕೆಗೆ ಅವಕಾಶವುಳ್ಳವರಿಗೆ ಸಲ್ಲುವ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ತಾವೇ ಬಳಸುವ ಮೊಬೈಲ್ ಉಳ್ಳವರು ನೂರಕ್ಕೆ 54 ಮಂದಿ. ಅಂಥವರಲ್ಲಿಯೂ ಬರೆದ ಸಂದೇಶವನ್ನು ಓದಬಲ್ಲವರು ನೂರಕ್ಕೆ 71. ಗಂಡನ ಅಥವಾ ಮಗನ ಫೋನಿನಲ್ಲಿ ಮಾತನಾಡುವ ಮಹಿಳೆಗೆ ಗೆಳತಿಯ ಸಂದೇಶ ಬಂದರೆ ಅದನ್ನು ಮೊದಲು ಓದುವವರು ಬೇರೆ. ಸ್ಪೀಕರ್ ಹಾಕಿ ಮಾತನಾಡು ಎಂದರೆ ದನಿಯೂ ಅವಳದಾಗಿ ಉಳಿಯುವುದಿಲ್ಲ. ಹಳೆಯ ಕಾಲದ ಬರೆಯಿಸುವ ಪತ್ರದ ಸ್ಥಿತಿ ಇಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ.

ಕಿವಿ ಕೇಳದವರ ಸಂಗತಿ ಇದಕ್ಕೆ ವ್ಯತಿರಿಕ್ತ. ನೂರು ವರ್ಷಕ್ಕೂ ಹೆಚ್ಚು ಕಾಲ ದೂರವಾಣಿ ಎಂಬುದು ಅವರನ್ನು ಹೊರಗಿಟ್ಟ ಯಂತ್ರವಾಗಿತ್ತು. ಮೊಬೈಲಿನ ವಿಡಿಯೊ ಕರೆ ಬಂದ ಮೇಲೆ ಅವರು ದೂರದ ಗೆಳೆಯರೊಡನೆ ಸಂಜ್ಞಾಭಾಷೆಯಲ್ಲಿ ಹರಟುವುದು ಸಾಧ್ಯವಾಯಿತು. ಬಸ್ ನಿಲ್ದಾಣದಲ್ಲಿ ಫೋನನ್ನು ಎದುರಿಗೆ ಒರಗಿಸಿಟ್ಟು ಎರಡೂ ಕೈಗಳಿಂದ ಮಾತನಾಡುವ ಯುವಕರನ್ನು ಕಂಡವರು, ಹರಟೆಗೆ ದನಿಯೇ ಬೇಕೆಂಬ ನಿಯಮವಿಲ್ಲವೆಂಬುದನ್ನು ಬಲ್ಲರು.

ಮೇಜಿನ ಸುತ್ತಲಿನ ಮೂವರು ಒಬ್ಬೊಬ್ಬರಾಗಿ ಹೊರಟುಹೋಗಿ, ನಾಲ್ಕನೆಯವರಾಗಿ ಉಳಿದ ಹಿರಿಯರ ಪ್ರಶ್ನೆ ಇನ್ನೂ ಕಠಿಣ. ಮಕ್ಕಳು ಹೊರದೇಶದಲ್ಲಿ, ನೆರೆಹೊರೆಯ ಭಾಷೆ ಬೇರೆ, ಕೈಯಲ್ಲಿನ ಫೋನಿನ ಅಕ್ಷರ ಕಾಣದು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರ ವರದಿಯಲ್ಲಿ ತಿಳಿಸಿದೆ. ಹಿರಿಯರಿಗಾಗಿ ಇರುವ ಎಲ್ಡರ್ ಲೈನ್ ಎಂಬ ದೂರವಾಣಿ ಸಹಾಯವಾಣಿಯ ಬೀಜ ಬಿದ್ದುದು ಹೈದರಾಬಾದಿನಲ್ಲಿಯೇ. ಟಾಟಾ ಟ್ರಸ್ಟ್ಸ್‌ನ ಅಂಗವಾದ ವಿಜಯವಾಹಿನಿ ಪ್ರತಿಷ್ಠಾನವು 2017ರಲ್ಲಿ ನಗರದ ವೃದ್ಧರಿಗಾಗಿ ಇದನ್ನು ಆರಂಭಿಸಿತು. 2021ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು ಇದನ್ನು ರಾಷ್ಟ್ರಮಟ್ಟದ ಸೇವೆಯಾಗಿ ವಿಸ್ತರಿಸಿತು. ಇದರ ಸಂಖ್ಯೆ 14567, ಕರೆಗೆ ಶುಲ್ಕವಿಲ್ಲ. ಪಿಂಚಣಿ, ಕಾನೂನು ಮುಂತಾದ ಮಾಹಿತಿಯನ್ನು ಕೊಡುವುದರೊಂದಿಗೆ, ಮನಸ್ಸಿನ ಭಾರವನ್ನು ಹೇಳಿಕೊಳ್ಳುವವರ ಮಾತನ್ನು ಕೇಳುವುದೂ ಇದರ ಕೆಲಸಗಳಲ್ಲಿ ಸೇರಿದೆ.

ಮನಸ್ಸಿನ ಬೇಗೆ ತೀವ್ರವಾದವರಿಗೆ, ವಯಸ್ಸಿನ ಭೇದವಿಲ್ಲದೆ, ಟೆಲಿ-ಮಾನಸ್ ಸೇವೆ 2022ರ ಅಕ್ಟೋಬರ್ 10ರಿಂದ ದೊರೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದು. ಕರೆ ಮಾಡಿದವರು ಮೊದಲು ತಮಗೆ ಒಗ್ಗುವ ಭಾಷೆಯನ್ನು ಆರಿಸಿಕೊಳ್ಳಬೇಕು. ಆ ಭಾಷೆಗಳಲ್ಲಿ ಕನ್ನಡವೂ ಇದೆ.